ಹದಿನಾರು ಡಿಗ್ರಿಯ ಧನುರ್ಮಾಸ

ಧನುರ್ಮಾಸ ಮುಗಿಯುವುದಕ್ಕೆ ಎರಡು ದಿನವಿತ್ತು. ಹಾಲ್‌ನ ಎ.ಸಿ.ಯನ್ನು ಹದಿನಾರಕ್ಕೆ ಇಳಿಸಿದ್ದರು. ದೊಡ್ಡ ಮಗಳು ಹೊದಿಕೆಯನ್ನು ತಲೆಯವರೆಗೆ ಸುತ್ತಿಕೊಂಡು ಚಾಪೆಯ ಮೇಲೆ ಕೂತಿದ್ದಳು. ಚಿಕ್ಕವಳು ತಣ್ಣಗಿನ ಕಾಲನ್ನು ಅಕ್ಕನ ಹೊದಿಕೆಯೊಳಗೆ ತೂರಿಸಿ ಬೈಸಿಕೊಳ್ಳುತ್ತಿದ್ದಳು. ನಾನು ಹುಗ್ಗಿಗೆ ತುಪ್ಪ ಕಾಯಿಸುತ್ತಿದ್ದೆ. ನನ್ನ ಗಂಡ ಪೂಜೆ ಮುಗಿಸಿ, ಪಂಚೆಯ ಮೇಲೆ ಒಂದು ಶಾಲು ಹೊದ್ದು, ಬಾಲ್ಕನಿಗೆ ಹೋಗಿ ಪೂರ್ವದ ಕಡೆ ನೋಡಿ ಬಂದರು.

"ಇನ್ನೂ ಕತ್ತಲೆ ಉಂಟು," ಎಂದರು. "ಮೆಲ್ಲ ತಿನ್ನಿ."

ಅದು ನಮ್ಮ ಕೊನೆಯ ಮಾಮೂಲಿ ದಿನ. ಹಾಗೆಂದು ಆಗ ಗೊತ್ತಿರಲಿಲ್ಲವಾದ್ದರಿಂದ ಆ ದಿನದ ಬಹುಭಾಗವನ್ನು ಮರೆತಿದ್ದೇನೆ. ಮಧ್ಯಾಹ್ನ ಆಫೀಸಿನಲ್ಲಿ ಏನು ಮಾಡಿದೆ, ಉಟ್ಟದ್ದು ಸೀರೆಯೋ ಚೂಡಿದಾರವೋ, ಒಂದೂ ನೆನಪಿಲ್ಲ. ಬೆಳಗಿನ ಆ ಹೊತ್ತು ಮಾತ್ರ ಇದೆ.

ಮಲೇಷ್ಯಾದಲ್ಲಿ ಚಳಿಗಾಲವಿಲ್ಲ. ಡಿಸೆಂಬರಿನಲ್ಲಿ ಮಳೆ ಸ್ವಲ್ಪ ಹೆಚ್ಚು, ಅಷ್ಟೆ. ಬಟ್ಟೆ ಒಣಗುವುದಿಲ್ಲ. ನಾವು ಕೌಲಾಲಂಪುರದ ಬಾಂಗ್ಸಾರ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದೆವು, ಈಗಲೂ ಇದ್ದೇವೆ. ನಾನು ಬಿ.ಕಾಂ. ಓದಿದವಳು, ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತೇನೆ, ಎಲ್.ಆರ್.ಟಿ. ರೈಲು ಹಿಡಿದು ಹೋಗಿ ಬರುತ್ತೇನೆ. ಅವರು ನಗರದಾಚೆಯ ನಿಲಾಯ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಕಲಿಸುತ್ತಿದ್ದರು. ಜೊತೆಗೆ ಅಲ್ಲಿನ ಹಾಸ್ಟೆಲಿಗೆ ವಾರ್ಡನ್ ಕೂಡ. ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ, ದಿನಾ ಹೋಗಿ ಬರುತ್ತಿದ್ದರು. ಮಕ್ಕಳಿಗೆ ಶಾಲೆ, ಟ್ಯೂಷನ್, ಈಜು. ನಾಲ್ಕು ಜನ ನಾಲ್ಕು ಹೊತ್ತಿಗೆ ಮನೆಗೆ ಬಂದು, ಒಬ್ಬೊಬ್ಬರೇ ತಟ್ಟೆ ಹಾಕಿಕೊಂಡು ಉಣ್ಣುವ ಮನೆ ನಮ್ಮದು. ವಾರದಲ್ಲಿ ಎರಡು ದಿನವಾದರೂ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತಂದ ರೊಟ್ಟಿ ಚಾನಾಯ್ ಎಂಬ ಪರೋಟ.

ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತಿದ್ದುದು ಧನುರ್ಮಾಸದಲ್ಲಿ ಮಾತ್ರ. ಸೂರ್ಯ ಹುಟ್ಟುವ ಮೊದಲು ಪೂಜೆಯಾಗಿ, ದೇವರಿಗೆ ಹುಗ್ಗಿ ನೈವೇದ್ಯವಾಗಬೇಕು. ಅವರು ಉಡುಪಿಯವರು. ಚಿಕ್ಕಂದಿನಲ್ಲಿ ನಕ್ಷತ್ರ ಕಾಣುವಾಗಲೇ ಎದ್ದು ಕೆರೆಯಲ್ಲಿ ಮುಳುಗಿ ಬಂದವರಂತೆ. ನಮ್ಮ ಮೈಸೂರಿನ ಮನೆಯಲ್ಲೂ ಹುಗ್ಗಿ ಇತ್ತು, ಆದರೆ ನಮ್ಮ ಅಮ್ಮ ಒಬ್ಬರೇ ಎದ್ದು ಮಾಡಿಡುತ್ತಿದ್ದರು, ನಾವು ಬಿಸಿಲು ಬಂದ ಮೇಲೆ ಎದ್ದು ತಿನ್ನುತ್ತಿದ್ದೆವು.

ಇಲ್ಲಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಅವರಿಗೆ ಒಂದು ಸಂಗತಿ ತಿಳಿದು ಬಹಳ ಸಂತೋಷವಾಗಿತ್ತು. ಈ ದೇಶದಲ್ಲಿ ಸೂರ್ಯ ಏಳು ದಾಟಿದ ಮೇಲೆ ಹುಟ್ಟುತ್ತಾನೆ. ಮಕ್ಕಳು ಕತ್ತಲೆಯಲ್ಲೇ ಶಾಲೆಯ ಬಸ್ಸು ಹತ್ತುತ್ತಾರೆ. ಅಂದರೆ ಆರಕ್ಕೆ ಎದ್ದರೂ ಶಾಸ್ತ್ರ ತಪ್ಪುವುದಿಲ್ಲ.

"ನೋಡು, ಊರಲ್ಲಿ ನಾಲ್ಕಕ್ಕೆ ಏಳಿಸ್ತಿದ್ರು. ಇಲ್ಲಿ ದೇವರೇ ಟೈಮ್ ಕೊಟ್ಟಿದ್ದಾನೆ," ಎಂದಿದ್ದರು.

"ದೇವರಲ್ಲ ರೀ, ಇಲ್ಲಿನ ಸರ್ಕಾರ ಗಡಿಯಾರ ಮುಂದಿಟ್ಟಿದೆ ಅಷ್ಟೆ."

"ಯಾರು ಇಟ್ರೆ ಎಂತ. ಕತ್ತಲೆ ಕತ್ತಲೆಯೇ ಅಲ್ವಾ?"

ಕತ್ತಲೆ ಸಿಕ್ಕಿತು, ಚಳಿ ಸಿಗಲಿಲ್ಲ. ಬೆವರು ಒರೆಸಿಕೊಂಡು ಬಿಸಿ ಹುಗ್ಗಿ ತಿನ್ನುವುದು ಅವರಿಗೆ ಸರಿಬರಲಿಲ್ಲ. ಅದಕ್ಕೆ ಎ.ಸಿ. ರಿಮೋಟನ್ನು ಅದು ಹೋಗುವಷ್ಟು ಕೆಳಕ್ಕೆ ಒತ್ತಿದರು. ಹದಿನಾರಕ್ಕೆ ನಿಂತಿತು. ಅಂದಿನಿಂದ ಪ್ರತಿ ವರ್ಷ ಆ ತಿಂಗಳು ನಮ್ಮ ಮನೆಯ ಹಾಲ್‌ನಲ್ಲಿ ಚಳಿಗಾಲ. ಮೈಸೂರಿಗೆ ಹೋಗುವಾಗ ಹಾಕಿಕೊಳ್ಳಲೆಂದು ತೆಗೆದುಕೊಂಡ ಸ್ವೆಟರುಗಳು ಹೊರಗೆ ಬರುತ್ತಿದ್ದವು.

ನಾನು ತಮಾಷೆ ಮಾಡುತ್ತಿದ್ದೆ. "ನಿಮ್ಮ ಉಡುಪೀಲಿ ಯಾವತ್ತು ರೀ ಚಳಿ ಇತ್ತು? ಚಳಿ ಅಂದ್ರೆ ನಮ್ಮ ಮೈಸೂರಿಂದು."

"ನೀನು ಬಿಸಿನೀರಲ್ಲಿ ಮಿಂದವಳು ಮಾರಾಯ್ತಿ. ಕೆರೆಗೆ ಇಳಿದು ನೋಡಬೇಕಿತ್ತು."

ಏಳಿಸುವ ಕೆಲಸ ಅವರದು. ಅವರ ಹತ್ತಿರ ಒಂದು ಸಣ್ಣ ಹಿತ್ತಾಳೆಯ ಗಂಟೆ ಇತ್ತು. ಅಪಾರ್ಟ್‌ಮೆಂಟಿನ ಗೋಡೆ ತೆಳು, ಮೇಲಿನ ಮನೆಯಲ್ಲಿ ಒಂದು ಹಸುಗೂಸು ಇತ್ತು. ಅದಕ್ಕೆ ಗಂಟೆಯ ನಾಲಗೆಗೆ ಹಳೆ ಪಂಚೆಯ ಒಂದು ಚೂರು ಸುತ್ತಿ ದಾರ ಕಟ್ಟಿದ್ದರು. ಅದು ಟಣ್ ಎನ್ನುತ್ತಿರಲಿಲ್ಲ, ಟಕ್ ಟಕ್ ಎನ್ನುತ್ತಿತ್ತು. ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ಅಲ್ಲಾಡಿಸುತ್ತಿದ್ದರು.

"ಅಪ್ಪ, ಫೈವ್ ಮಿನಿಟ್ಸ್ ಲಾ," ಎಂದು ಚಿಕ್ಕವಳು, ಇಲ್ಲಿನವರಂತೆ ಕೊನೆಗೊಂದು ಲಾ ಸೇರಿಸಿ.

"ಗಾಡ್ ಈಸ್ ಆನ್ ಸೈಲೆಂಟ್ ಮೋಡ್, ಯು ಕ್ಯಾನ್ ಸ್ಲೀಪ್," ಎಂದು ದೊಡ್ಡವಳು ಅವಳಿಗೆ.

"ದೇವರು ಸೈಲೆಂಟ್, ನಾನಲ್ಲ. ಏಳಿ ಏಳಿ. ಇನ್ನೂ ಕತ್ತಲೆ ಉಂಟು, ಬೇಗ ಮಿಂದು ಬನ್ನಿ."

ಎದುರುಮನೆಯಲ್ಲಿ ತಮಿಳಿನ ಒಬ್ಬ ಅಕ್ಕ ಇದ್ದಾರೆ. ನಮ್ಮ ಧನುರ್ಮಾಸ ಅವರಿಗೆ ಮಾರ್ಗಳಿ. ಲಿಫ್ಟಿನ ಎದುರಿನ ಟೈಲ್ಸಿನ ಮೇಲೆ ಬೆಳಗ್ಗೆ ಕೋಲಂ ರಂಗೋಲಿ ಹಾಕಲು ಅವರೂ ಎದ್ದಿರುತ್ತಿದ್ದರು. "ಸಾರ್, ಗಂಟೆ ಜೋರಾಗೇ ಬಾರಿಸಿ, ನಾನೂ ಎದ್ದಿರ್ತೀನಿ," ಎಂದು ತಮಿಳಿನಲ್ಲಿ ಹೇಳುತ್ತಿದ್ದರು. ನನ್ನ ಗಂಡ ನಗುತ್ತಿದ್ದರು, ಗಂಟೆಗೆ ಸುತ್ತಿದ ಬಟ್ಟೆ ಮಾತ್ರ ಬಿಚ್ಚಲಿಲ್ಲ.

ನಮ್ಮ ಹುಗ್ಗಿ ಉಡುಪಿಯ ಅವರ ಮನೆಯ ರೀತಿಯದು. ಹೆಸರುಬೇಳೆ ಹುರಿದು, ಅಕ್ಕಿಗೆ ಬೇಳೆ ಸಮ ಹಾಕಿ, ಶುಂಠಿ, ಜೀರಿಗೆ, ಕಾಯಿತುರಿ, ಮತ್ತು ಇಡೀ ಕಾಳುಮೆಣಸು. ನಾನು ಮೆಣಸು ಪುಡಿ ಮಾಡಿ ಹಾಕೋಣವೆಂದರೆ ಒಪ್ಪುತ್ತಿರಲಿಲ್ಲ. ಮಕ್ಕಳು ಒಂದೊಂದೇ ಮೆಣಸನ್ನು ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಕೊನೆಗೆ ಅವರು ಕೈ ಚಾಚಿ ಆ ಎರಡು ಸಾಲುಗಳನ್ನೂ ತಮ್ಮ ತಟ್ಟೆಗೆ ಸುರಿದುಕೊಂಡು, ಹುಣಸೆ ಗೊಜ್ಜಿನ ಜೊತೆ ಅಗಿಯುತ್ತಿದ್ದರು.

"ಖಾರ ಆಗಲ್ವಾ ಅಪ್ಪ?"

"ಆಗ್ತದೆ. ಚಳಿಗೆ ಒಳ್ಳೇದು."

ಆ ಸೋಮವಾರವೂ ಹಾಗೆಯೇ ಆಯಿತು. ಮೊದಲ ವರ್ಷದ ಲಾಕ್‌ಡೌನ್ ದಾಟಿ ಬಂದಿದ್ದೆವು. ಡಿಸೆಂಬರಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡಾಡಲು ಬಿಟ್ಟಿದ್ದರಿಂದ ಆ ಧನುರ್ಮಾಸ ಪೂರ್ತಿ ನಾಲ್ವರೂ ಒಟ್ಟಿಗೆ ತಿಂದಿದ್ದೆವು. ಮಾಸ್ಕ್ ಹಾಕಿಕೊಳ್ಳುವುದು ಅಭ್ಯಾಸವಾಗಿತ್ತು. ಕೆಟ್ಟದ್ದು ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಸಂಜೆ ಅವರು ಮನೆಗೆ ಬಂದು ಕೈಕಾಲು ತೊಳೆಯುವಾಗ ಟಿವಿಯಲ್ಲಿ ಪ್ರಕಟಣೆ ಬಂತು. ಮತ್ತೆ ಎಲ್ಲ ಬಂದ್. ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟುವಂತಿಲ್ಲ. ನಾವಿರುವುದು ಕೌಲಾಲಂಪುರದಲ್ಲಿ, ನಿಲಾಯ್ ಇರುವುದು ಬೇರೆ ರಾಜ್ಯವಾದ ನೆಗೆರಿ ಸೆಂಬಿಲಾನ್‌ನಲ್ಲಿ. ಕ್ಲಾಸುಗಳು ಆನ್‌ಲೈನ್ ಆಗುತ್ತವೆ ನಿಜ. ಆದರೆ ಹಾಸ್ಟೆಲಿನಲ್ಲಿ ಊರಿಗೆ ಹೋಗಲಾಗದ ಹೊರದೇಶದ ಮಕ್ಕಳಿದ್ದರು. ವಾರ್ಡನ್ ಅಲ್ಲಿರಲೇಬೇಕಿತ್ತು.

"ಎರಡು ವಾರ ಅಲ್ವಾ," ಎಂದರು. "ಅಲ್ಲೇ ಕ್ವಾರ್ಟರ್ಸ್ ಉಂಟು. ಅಷ್ಟೂ ಮಕ್ಕಳನ್ನ ಬಿಟ್ಟು ಇಲ್ಲಿ ಹೇಗೆ ಕೂತುಕೊಳ್ಳೋದು? ಶಿವರಾತ್ರಿಗೆ ಮೊದಲು ಬಂದೇ ಬರ್ತೇನೆ."

ಮಾರನೆಯ ದಿನ ಒಂದು ಸೂಟ್‌ಕೇಸು, ರೈಸ್ ಕುಕ್ಕರ್, ಒಂದು ಡಬ್ಬಿ ಕಾಳುಮೆಣಸು ತೆಗೆದುಕೊಂಡು ಹೋದರು. ಗಂಟೆಯನ್ನೂ ಒಯ್ದರು. ಲಿಫ್ಟಿನ ಬಾಗಿಲು ಮುಚ್ಚುವಾಗ ಚಿಕ್ಕವಳು ಮೊಬೈಲಿನಲ್ಲಿ ಏನೋ ನೋಡುತ್ತಲೇ ಕೈ ಬೀಸಿದಳು. ಅದರಲ್ಲಿ ತಪ್ಪೇನಿರಲಿಲ್ಲ. ಅವರು ದಿನಾ ಹೋಗುತ್ತಿದ್ದವರು.

ಧನುರ್ಮಾಸದ ಕೊನೆಯ ಬೆಳಗು ಫೋನಿನಲ್ಲಿ ಆಯಿತು. ಅವರು ಅಲ್ಲಿ ಶಾಲು ಹೊದ್ದು ಕುಕ್ಕರಿನಿಂದಲೇ ಹುಗ್ಗಿ ತಿನ್ನುತ್ತಿದ್ದರು. ನಾವು ಇಲ್ಲಿ ಫೋನನ್ನು ತುಪ್ಪದ ಡಬ್ಬಿಗೆ ಒರಗಿಸಿ ಕೂತಿದ್ದೆವು. ಎ.ಸಿ. ಹಾಕಿದ್ದೀರಾ ಎಂದು ಕೇಳಿದರು. ಹಾಕಿದ್ದೇವೆ ಎಂದು ದೊಡ್ಡವಳು ರಿಮೋಟನ್ನು ಕ್ಯಾಮೆರಾಕ್ಕೆ ತೋರಿಸಿದಳು. ಚಿಕ್ಕವಳು ತಟ್ಟೆ ಎತ್ತಿ ಅಂಚಿನ ಮೆಣಸನ್ನು ತೋರಿಸಿದಳು.

"ಇಡು, ಇಡು. ಬಂದಾಗ ತಿಂತೇನೆ."

ಮರುದಿನ ಸಂಕ್ರಾಂತಿ. ಎದುರುಮನೆಯ ಅಕ್ಕನಿಗೆ ಎಳ್ಳುಬೆಲ್ಲ ಕೊಟ್ಟು, ನನ್ನ ಗಂಡನ ಪಾಲನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ತೆಗೆದಿಟ್ಟೆ. ಶಿವರಾತ್ರಿಯ ಹೊತ್ತಿಗೆ ಕೊಬ್ಬರಿಗೆ ಮುಗ್ಗಲು ವಾಸನೆ ಬಂದಿತ್ತು. ಬಿಸಾಡಿ ಡಬ್ಬಿ ತೊಳೆದಿಟ್ಟೆ.

ಎರಡು ವಾರ ಎಂದದ್ದು ಮತ್ತೆರಡು ವಾರ ಆಯಿತು, ಆಮೇಲೆ ಮತ್ತೆ. ಯುಗಾದಿಗೆ ಬರುತ್ತೇನೆ ಎಂದರು. ಆಗಲಿಲ್ಲ. ಅವರು ದಿನಾ ಬೆಳಗ್ಗೆ ಆರಕ್ಕೆ ಫೋನ್ ಮಾಡುತ್ತಿದ್ದರು. ಧನುರ್ಮಾಸ ಮುಗಿದಿದ್ದರೂ ಗಂಟೆಯನ್ನು ಫೋನಿನ ಹತ್ತಿರ ಹಿಡಿದು ಟಕ್ ಟಕ್ ಅನ್ನಿಸಿ, "ಇನ್ನೂ ಕತ್ತಲೆ ಉಂಟು, ಏಳಿ," ಎನ್ನುತ್ತಿದ್ದರು. ಆನ್‌ಲೈನ್ ಕ್ಲಾಸಿಗೆ ಹಾಸಿಗೆಯಿಂದಲೇ ಕೂರುವ ಮಕ್ಕಳಿಗೆ ಆರಕ್ಕೆ ಏಳುವ ಅಗತ್ಯವಿರಲಿಲ್ಲ. ನಾನೊಬ್ಬಳೇ ಎದ್ದು ಕಾಫಿ ಹಿಡಿದು ಅವರ ಜೊತೆ ಮಾತಾಡುತ್ತಿದ್ದೆ. ಹಾಸ್ಟೆಲಿನಲ್ಲಿ ಯಾರಿಗೆ ಜ್ವರ, ಯಾರು ಅಳುತ್ತಿದ್ದಾರೆ, ಕ್ಯಾಂಟೀನಿನವನು ಇವತ್ತು ಏನು ಕೊಟ್ಟ. ನಾನು ಇಲ್ಲಿಯ ಸಣ್ಣಪುಟ್ಟದ್ದು ಹೇಳುತ್ತಿದ್ದೆ. ಒಂದು ಗಂಟೆಯ ದಾರಿಯ ಆ ಕೊನೆಯಲ್ಲಿ ಅವರು, ಈ ಕೊನೆಯಲ್ಲಿ ನಾನು. ಮದುವೆಯಾದ ಮೇಲೆ ನಾವು ಅಷ್ಟು ಮಾತಾಡಿದ್ದೇ ಇಲ್ಲ ಎಂದು ಒಮ್ಮೆ ಅವರೇ ಹೇಳಿದರು.

"ಗಡಿ ತೆಗೆದ ದಿನ ಸೀದ ಮನೆಗೆ. ಮುಂದಿನ ಧನುರ್ಮಾಸಕ್ಕೆ ಹೇಗೂ ಮನೆಯಲ್ಲೇ," ಎಂದರು.

ವರ್ಷದ ಮಧ್ಯದಲ್ಲಿ ಒಂದು ಬೆಳಗ್ಗೆ ಫೋನ್ ಬರಲಿಲ್ಲ. ನಾನೇ ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿದರು.

"ಸ್ವಲ್ಪ ಜ್ವರ. ಎಂತ ಇಲ್ಲ. ಮಕ್ಕಳಿಗೆ ಹೇಳಬೇಡ."

ಲಸಿಕೆಯ ಮೊದಲ ಸೂಜಿ ಆಗಿತ್ತು, ಎರಡನೆಯದಕ್ಕೆ ಕರೆ ಬಂದಿರಲಿಲ್ಲ. ಕೆಲವು ದಿನ ಕ್ವಾರ್ಟರ್ಸಿನಲ್ಲೇ ಇದ್ದರು, ಆಮೇಲೆ ಆಸ್ಪತ್ರೆ. ಆಸ್ಪತ್ರೆಯಿಂದ ಒಮ್ಮೆ ವಿಡಿಯೋ ಮಾಡಿದರು. ಮೂಗಿಗೆ ಆಮ್ಲಜನಕದ ನಳಿಗೆ ಇತ್ತು, ಮಾತಾಡಲು ಕಷ್ಟ. ಹೊದಿಕೆಯನ್ನು ಸ್ವಲ್ಪ ಎತ್ತಿ ತೋರಿಸಿ, "ಇಲ್ಲಿ ಹದಿನಾರಕ್ಕಿಂತ ಕೆಳಗೆ ಇಟ್ಟಿದ್ದಾರೆ," ಎಂದರು. ಮಕ್ಕಳು ನಕ್ಕರು. ನಾನೂ ನಕ್ಕೆ. ಅದಾದ ಮೇಲೆ ಅವರ ದನಿ ಕೇಳಲಿಲ್ಲ.

ಅವರು ತೀರಿಹೋದ ಮೇಲೆ ನನಗೆ ಗಡಿ ದಾಟಲು ಅನುಮತಿ ಸಿಕ್ಕಿತು. ಪೊಲೀಸರ ಕಾಗದ ಹಿಡಿದು ದೊಡ್ಡ ಮಗಳ ಜೊತೆ ಹೋದೆ. ರಸ್ತೆ ಖಾಲಿ. ತಡೆ ಹಾಕಿದಲ್ಲಿ ಒಬ್ಬ ಪೊಲೀಸ್ ಕಾಗದ ಓದಿ, ನಮ್ಮ ಮುಖ ನೋಡಿ, ಟೋಪಿ ಸರಿಮಾಡಿಕೊಂಡು, "ಸಬಾರ್ ಯಾ, ಕಾಕ್," ಎಂದ. ಸಮಾಧಾನ ಮಾಡಿಕೊಳ್ಳಿ ಅಕ್ಕ ಎಂದು ಇಲ್ಲಿನವರು ಹೇಳುವ ಮಾತು ಅದು. ಒಂದು ಗಂಟೆಯೊಳಗೇ ತಲುಪಿದೆವು. ಅಷ್ಟು ಹತ್ತಿರವಿದ್ದದ್ದನ್ನು ಆ ದಿನ ನನಗೆ ಸಹಿಸಲಾಗಲಿಲ್ಲ. ದೂರವಿದ್ದಿದ್ದರೆ, ದೂರವಿತ್ತು, ಹೋಗಲಾಗಲಿಲ್ಲ ಎಂದುಕೊಳ್ಳಬಹುದಿತ್ತು.

ಅಂತ್ಯಕ್ರಿಯೆಯ ಬಗ್ಗೆ ಬರೆಯುವಷ್ಟು ನಮಗೆ ನೋಡಲು ಬಿಡಲಿಲ್ಲ.

ಕೆಲವು ವಾರಗಳ ನಂತರ ಅವರ ಸಾಮಾನು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಹಾಸ್ಟೆಲಿನ ಮಕ್ಕಳು ಜೋಡಿಸಿದ್ದರಂತೆ. ಬಹಳ ನೀಟಾಗಿತ್ತು. ಗಂಟೆಯನ್ನು ಒಂದು ಶರಟಿನಲ್ಲಿ ಸುತ್ತಿದ್ದರು. ಮೆಣಸಿನ ಡಬ್ಬಿ ಅರ್ಧ ಖಾಲಿಯಾಗಿತ್ತು. ಗಂಟೆ ಮತ್ತು ಡಬ್ಬಿ ಎರಡನ್ನೂ ದೇವರ ಗೂಡಿನ ಕೆಳಗಿನ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ.

ಮನೆ ಮತ್ತೆ ಗಡಿಬಿಡಿಯದಾಯಿತು. ನನ್ನ ಆಫೀಸು ತೆರೆಯಿತು, ಮಕ್ಕಳ ಶಾಲೆ ತೆರೆಯಿತು. ಗಡಿಯನ್ನೂ ತೆಗೆದರು. ಆ ದಿನ ಟಿವಿಯಲ್ಲಿ ಜನ ಕಾರುಗಳಲ್ಲಿ ಊರಿಗೆ ಹೋಗುವುದನ್ನು ತೋರಿಸುತ್ತಿದ್ದರು. ನಾನು ಟಿವಿ ಆರಿಸಿ ಪಾತ್ರೆ ತೊಳೆಯಲು ಹೋದೆ. ಮೂವರೂ ಮೂರು ಹೊತ್ತಿಗೆ ಉಣ್ಣುತ್ತಿದ್ದೆವು. ದೊಡ್ಡವಳು ಕೋಣೆಗೆ ತಟ್ಟೆ ಒಯ್ಯತೊಡಗಿದಳು. ನಾನು ಬೇಡ ಎನ್ನಲಿಲ್ಲ, ಎದುರುಬದುರು ಕೂತರೆ ಏನು ಮಾತಾಡಬೇಕು ಎಂದು ನನಗೂ ಗೊತ್ತಿರಲಿಲ್ಲ. ಹೀಗೇ ನಡೆದರೆ ನಾವು ಒಂದೇ ಬೀಗದ ಕೈ ಇರುವ ಮೂವರು ಬಾಡಿಗೆಯವರಾಗುತ್ತೇವೆ ಎಂಬ ಭಯ ಆಗಾಗ ಬರುತ್ತಿತ್ತು.

ಡಿಸೆಂಬರ್ ಬಂತು. ಎದುರುಮನೆಯ ಅಕ್ಕ ಕೋಲಂ ಹಾಕಲು ಶುರು ಮಾಡಿದ್ದನ್ನು ನೋಡಿ ಧನುರ್ಮಾಸ ಬಂದಿದೆ ಎಂದು ತಿಳಿಯಿತು. ವರ್ಷದ ಕ್ರಿಯೆ ಆಗುವವರೆಗೆ ನಮಗೆ ಹಬ್ಬವಿಲ್ಲ. ಸರಿಯೇ ಆಯಿತು ಎಂದುಕೊಂಡೆ. ಮಾಡದಿರಲು ಒಂದು ಕಾರಣವಾದರೂ ಇತ್ತು. ಅದೇ ವಾರ ಉಡುಪಿಯಿಂದ ನನ್ನ ಗಂಡನ ಅಕ್ಕ ಫೋನ್ ಮಾಡಿದರು.

"ಹುಗ್ಗಿ ಮಾಡಿದೆಯಾ?"

"ಈ ವರ್ಷ ಇಲ್ಲ ಅಲ್ವಾ ಅತ್ತಿಗೆ."

"ಇಲ್ಲ, ಹಬ್ಬ ಇಲ್ಲ. ಮಕ್ಕಳು ಹುಗ್ಗಿ ತಿನ್ನಬಾರದು ಅಂತ ಯಾವ ಪುಸ್ತಕದಲ್ಲಿ ಉಂಟು?"

ಆಮೇಲೆ, "ಅವನಿಗೆ ಚಿಕ್ಕಂದಿನಲ್ಲಿ ಮೆಣಸು ಸೇರ್ತಾ ಇರಲಿಲ್ಲ, ಗೊತ್ತುಂಟಾ ನಿನಗೆ? ಹೆಕ್ಕಿ ಹೆಕ್ಕಿ ಅಪ್ಪನ ಬಾಳೆಗೆ ಹಾಕ್ತಿದ್ದ," ಎಂದರು.

ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಅದನ್ನು ಯಾವತ್ತೂ ಹೇಳಿರಲಿಲ್ಲ.

ಆದರೂ ನಾನು ಮಾಡಲಿಲ್ಲ. ದಿನಗಳು ಹೋದವು. ಹೊರಗೆ ಬಿಡದೆ ಮಳೆ. ಜನವರಿ ಬಂದ ಮೇಲೆ ಒಂದು ಬೆಳಗ್ಗೆ ನನಗೆ ಚಳಿಯಾಗಿ ಎಚ್ಚರವಾಯಿತು. ಕೋಣೆಯ ಬಾಗಿಲಿನ ಸಂದಿಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಎದ್ದು ಹೋಗಿ ನೋಡಿದರೆ ಹಾಲ್‌ನಲ್ಲಿ ಎ.ಸಿ. ಓಡುತ್ತಿದೆ. ಚಾಪೆ ಹಾಸಿದೆ. ದೊಡ್ಡವಳು ಹೊದಿಕೆ ಸುತ್ತಿಕೊಂಡು ಕೂತಿದ್ದಾಳೆ, ಚಿಕ್ಕವಳು ಅವಳ ಹೊದಿಕೆಯೊಳಗೆ ಕಾಲು ತೂರಿಸಿದ್ದಾಳೆ. ಇಬ್ಬರ ಕೂದಲೂ ಒದ್ದೆ.

"ಸ್ನಾನ ಆಯ್ತಾ?"

"ಆಯ್ತು," ಎಂದಳು ದೊಡ್ಡವಳು. "ವಿ ಆರ್ ವೇಟಿಂಗ್."

"ಯಾರು ಏಳಿಸಿದ್ರು?"

"ಅಲಾರ್ಮ್ ಲಾ, ಅಮ್ಮ."

ಚಿಕ್ಕವಳು, "ಹುಗ್ಗಿ ಇದೆಯಾ?" ಎಂದು ಕನ್ನಡದಲ್ಲೇ ಕೇಳಿದಳು. ಅವಳು ಕನ್ನಡದಲ್ಲಿ ಮಾತಾಡುವುದೇ ಅಪರೂಪ.

ನಾನು ಬೇಳೆ ಹುರಿದೆ. ಮೆಣಸು ತೆಗೆಯಲು ಕಪಾಟು ತೆರೆದು ಅವರ ಡಬ್ಬಿಯನ್ನೇ ತೆಗೆದುಕೊಂಡೆ. ನೈವೇದ್ಯ ಇಡಲಿಲ್ಲ, ಗಂಟೆ ಮುಟ್ಟಲಿಲ್ಲ. ಮೂರು ತಟ್ಟೆ ಹಾಕಿ ಚಾಪೆಯ ಮೇಲೆ ಕೂತೆವು. ತುಪ್ಪ ಸ್ವಲ್ಪ ಹೊತ್ತಿಹೋಗಿತ್ತು. ದೊಡ್ಡವಳು ಶಾಲೆಯಲ್ಲಿ ನಡೆದ ಒಂದು ಜಗಳದ ಕಥೆ ಹೇಳಿದಳು. ಅದು ಬಹಳ ಉದ್ದವಿತ್ತು, ಯಾರು ಯಾರಿಗೆ ಏನೆಂದರು ಎಂಬುದು ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ತಟ್ಟೆ ಹಿಡಿದು ಯಾರೂ ಕೋಣೆಗೆ ಹೋಗಲಿಲ್ಲ. ತಿಂದು ಮುಗಿದಾಗ ಎರಡು ತಟ್ಟೆಗಳ ಅಂಚಿನಲ್ಲಿ ಮೆಣಸು ಸಾಲಾಗಿ ಉಳಿದಿತ್ತು. ನಾನು ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದೆ. ಕಣ್ಣಲ್ಲಿ ನೀರು ಬಂತು. ಮಕ್ಕಳು ನಕ್ಕು ನೀರು ಕೊಟ್ಟರು. ಉಳಿದ ಮೆಣಸನ್ನು ಯಾರೂ ತಿನ್ನಲಿಲ್ಲ. ತಟ್ಟೆ ತೊಳೆಯುವಾಗ ಅವು ಸಿಂಕಿನ ಜಾಲರಿಯಲ್ಲಿ ನಿಂತವು.

ಸಂಕ್ರಾಂತಿಯವರೆಗೆ ದಿನಾ ಹಾಗೆ ಕೂತೆವು. ಅದರ ಮುಂದಿನ ಡಿಸೆಂಬರಿನಲ್ಲಿ ವರ್ಷದ ಕ್ರಿಯೆ ಮುಗಿದಿದ್ದರಿಂದ ನೈವೇದ್ಯವೂ ಆಯಿತು. ಪೂಜೆ ಮಾಡಿದ್ದು ದೊಡ್ಡವಳು. ಗಂಟೆಯ ನಾಲಗೆಗೆ ಕಟ್ಟಿದ ಬಟ್ಟೆ ಹಾಗೆಯೇ ಇದೆ. ಮೇಲಿನ ಮನೆಯ ಕೂಸು ಈಗ ಶಾಲೆಗೆ ಹೋಗುತ್ತದೆ, ಬಿಚ್ಚಬಹುದು, ನಾವು ಬಿಚ್ಚಿಲ್ಲ.

ಈಗ ಎಲ್ಲರೂ ಅಲಾರ್ಮಿಗೆ ಏಳುತ್ತೇವೆ. ಹುಗ್ಗಿ ಹದವಾಗಿ ಬರುತ್ತದೆ. ಎ.ಸಿ. ಹದಿನಾರಕ್ಕೇ ಇರುತ್ತದೆ. ಮೂವರೂ ಮಾತಾಡುತ್ತೇವೆ, ಕೆಲವು ದಿನ ನಗುತ್ತೇವೆ ಕೂಡ. ಆದರೆ ಗಬಗಬ ತಿಂದು ಏಳುತ್ತೇವೆ. ಬಾಲ್ಕನಿಗೆ ಹೋಗಿ ಪೂರ್ವದ ಕಡೆ ನೋಡಿ ಬಂದು, ಇನ್ನೂ ಕತ್ತಲೆ ಉಂಟು, ಮೆಲ್ಲ ತಿನ್ನಿ ಎಂದು ಹೇಳುವವರು ನಮ್ಮ ಮನೆಯಲ್ಲಿ ಇಲ್ಲ.